ಕರಿಕಲ್ಲಿನ ಮೇಲಿನ ಬಿಳಿ ಪೊರೆ

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಜಗಲಿಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಹೋದ ವಾರ ಮಗ ಹಾಸಿಸಿ, ನಿನ್ನೆ ಸಂಜೆ ಹೊದಿಕೆಯ ಗೋಣಿ ತೆಗೆಸಿದ ಕಪ್ಪು ಕಡಪ ಕಲ್ಲಿನ ಮೇಲೆ ಬೆಳ್ಳನೆಯದೊಂದು ಪೊರೆ. ಹಾಲು ಕುಡಿದಿಟ್ಟ ಲೋಟದ ಒಳಮೈಯಲ್ಲಿ ಉಳಿಯುತ್ತದಲ್ಲ, ಅಂಥದ್ದು. ಕಲ್ಲಿನ ಸಂದಿಗೆ ತುಂಬಿದ ಬಿಳಿ ಸಿಮೆಂಟನ್ನು ಹಸಿಯಿರುವಾಗಲೇ ಒರೆಸದಿದ್ದರೆ ಹೀಗಾಗುತ್ತದೆ. ಹೊಸ ನೆಲ ಹಾಕಿಸಿದವರಿಗೆ ನಾನು ಹೇಳಬೇಕಾಗಿಲ್ಲ. ಗುಡಿಸುತ್ತಿದ್ದ ಸೊಸೆ ಸೌಮ್ಯಳನ್ನು, "ನೆಲ ಎಂಗೈತೆ?" ಎಂದು ಕೇಳಿದೆ. ನಾಗಮಂಗಲದ ಹುಡುಗಿ, ಈ ಬಾಬುರಾಯನಕೊಪ್ಪಲಿಗೆ ಬಂದು ಎರಡು ವರ್ಷವಾದರೂ ನನ್ನೆದುರು ಮಾತನ್ನು ಅಳೆದೇ ಆಡುತ್ತಾಳೆ.

"ಫಳಫಳ ಅಂತೈತೆ ಅತ್ತೆ," ಅಂದಳು.

ಇದರಲ್ಲಿ ಹೆದರುವಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ನಾನು ಮಾತ್ರ ಲೋಟವನ್ನು ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ. ಇಪ್ಪತ್ತೈದು ವರ್ಷಗಳ ಕೆಳಗೆ ಇದೇ ಪ್ರಶ್ನೆಗೆ ಇದೇ ಉತ್ತರವನ್ನು ನನ್ನ ಅತ್ತೆಗೆ ಹೇಳಿದವಳು ನಾನು.

ಆಗ ನಾವಿದ್ದದ್ದು ಕಿರಂಗೂರಿನ ಹಳೆಯ ಮನೆಯಲ್ಲಿ. ಅತ್ತೆ ಕ್ಯಾತನಹಳ್ಳಿಯಲ್ಲಿ ಬೆಲ್ಲದ ಆಲೆಮನೆ ನಡೆಸುತ್ತಿದ್ದವರ ಮಗಳು. ಅವರಿಗೆ ಹೆದರದವರು ನಮ್ಮ ಬೀದಿಯಲ್ಲಿ ಯಾರಾದರೂ ಇದ್ದರೇ ಎಂದು ಈಗಲೂ ಯೋಚಿಸುತ್ತೇನೆ. ಒದೆಯುವ ಹಸು ಕೂಡ ಅವರ ಕೆಮ್ಮು ಕೇಳಿದರೆ ಕಾಲು ಕೂಡಿಸಿಕೊಂಡು ನಿಂತು ಹಾಲು ಸೊರೆಬಿಡುತ್ತಿತ್ತು. ಇನ್ನು ನಾನು ಯಾವ ಲೆಕ್ಕ? ಸಾರಿಗೆ ಉಪ್ಪು ಹಾಕುವಾಗಲೂ ಒಮ್ಮೆ ಅವರ ಬೆನ್ನಿನ ಕಡೆ ನೋಡಿಯೇ ಹಾಕುತ್ತಿದ್ದೆ.

ನಡುಮನೆಯ ಸಗಣಿ ಸಾರಿಸುವ ನೆಲ ತೆಗೆಸೋಣ ಎಂದಾಗ ಮಾವ ಕೆಂಪು ಗಾರೆ ಅಂದರು, ನನ್ನ ಯಜಮಾನರು ಟೈಲ್ಸ್ ಅಂದರು. ಅತ್ತೆ, "ಕರೀ ಕಲ್ಲೇ ಆಗ್ಬೇಕು. ಸಂದೀಲಿ ಬೆಳ್ಳಗೆ ಗೀಟು ಬರ್ಬೇಕು, ರಂಗೋಲಿ ಎಳ್ದಂಗೆ," ಅಂದರು. ಅಲ್ಲಿಗೆ ಮುಗಿಯಿತು. ಕಲ್ಲು ಹಾಸಿದವರು ಪುಟ್ಟಾಚಾರಿ. ಅವರ ಮನೆಯವರದು ತಲೆತಲಾಂತರದಿಂದ ಚಿನ್ನದ ಕೆಲಸ. ಇವರೊಬ್ಬರು ಅದನ್ನು ಬಿಟ್ಟು ನೆಲದ ಕೆಲಸಕ್ಕೆ ಇಳಿದಿದ್ದರು. ಎರಡು ಕಲ್ಲಿನ ನಡುವೆ ಕೂದಲೆಳೆ ಹೆಚ್ಚುಕಡಿಮೆಯಾದರೂ ಎಬ್ಬಿಸಿ ಮತ್ತೆ ಕೂರಿಸುವ ಮನುಷ್ಯ. ಆದರೆ ಸಂದಿಗೆ ಬಿಳಿ ಸಿಮೆಂಟು ತುಂಬಿ ಒರೆಸುತ್ತಿರುವಾಗಲೇ, ಕೆ.ಆರ್.ಪೇಟೆಯಲ್ಲಿ ಮಗಳಿಗೆ ಹೆರಿಗೆ ನೋವು ಬಂದಿದೆ ಎಂದು ಸುದ್ದಿ ಬಂತು. ಬಟ್ಟೆಯನ್ನು ಅಲ್ಲೇ ಬಿಸಾಕಿ ಬಸ್ಸಿಗೆ ಓಡಿದರು.

ಬೆಳಿಗ್ಗೆ ಎದ್ದು ನೋಡಿದರೆ ಕರಿಕಲ್ಲೆಲ್ಲ ಬೂದಿ ಬಡಿದ ಹಾಗಿತ್ತು.

ಅತ್ತೆ ನಡುಮನೆಯ ಮಧ್ಯೆ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮಿ, ನೆಲ ಎಂಗೈತೆ?" ಅಂದರು. ಅವರೇ ಹಟ ಹಿಡಿದು ಹಾಕಿಸಿದ ನೆಲ. ಅದು ಕೆಟ್ಟಿದೆ ಎಂದು ಹೇಳುವ ಧೈರ್ಯ ಯಾರಿಗಿತ್ತು?

"ಫಳಫಳ ಅಂತೈತೆ ಅತ್ತೆ. ಮೊಕ ಕಾಣ್ತದೆ," ಅಂದೆ. ಮುಖ ಕಾಣುತ್ತದೆ ಎಂದು ಸೇರಿಸುವ ಅಗತ್ಯವೇನೂ ಇರಲಿಲ್ಲ. ಹೆದರಿದ ನಾಲಗೆ ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತದೆ. ಮಾವ, "ಬೋ ಪಸಂದಾಗೈತೆ," ಅಂದರು. ಯಜಮಾನರು, "ಚೆನ್ನಾಗೈತೆ ಕಣವ್ವ," ಎಂದವರೇ ತಿಂಡಿಯನ್ನೂ ತಿನ್ನದೆ ಗದ್ದೆ ಕಡೆ ನಡೆದರು.

"ಅಂಗಾ," ಅಂದರು ಅತ್ತೆ. ಅಷ್ಟೇ.

ಬದುಕಿಕೊಂಡೆವು ಅಂದುಕೊಂಡೆವು. ಆದರೆ ಅವತ್ತಿನಿಂದ ಅತ್ತೆ ಬೈಯುವುದನ್ನೇ ನಿಲ್ಲಿಸಿದರು. ಸಾರಿಗೆ ಉಪ್ಪು ಜಾಸ್ತಿಯಾದರೂ ಸುಮ್ಮನೆ ಉಂಡು ಎದ್ದರು. ನೀವು ಬೈಗುಳದ ಮನೆಯಲ್ಲಿ ಬಾಳಿದ್ದರೆ ಗೊತ್ತಿರುತ್ತದೆ, ಬೈಗುಳಕ್ಕಿಂತ ಅದು ನಿಂತಾಗಿನ ಮೌನವೇ ಹೆಚ್ಚು ಹೆದರಿಸುತ್ತದೆ. ಮಾವ ಊಟದ ಹೊತ್ತಿಗೆ ಮಾತ್ರ ಮನೆಗೆ ಬರತೊಡಗಿದರು. ನಾನು ನೆಲ ಒರೆಸಿದೆ. ನೀರು ಬಿದ್ದಾಗ ಕಲ್ಲು ಕಾಗೆಯ ರೆಕ್ಕೆಯಂತೆ ಕಪ್ಪಾಗುತ್ತಿತ್ತು, ಆರಿದ ಕೂಡಲೇ ಆ ಬಿಳುಪು ಮತ್ತೆ ಮೇಲೇಳುತ್ತಿತ್ತು. ಆರದಿದ್ದರೆ ಸಾಕು ಎಂದು ದಿನಕ್ಕೆ ನಾಲ್ಕು ಸಲ, ಅತ್ತೆ ಕೊಟ್ಟಿಗೆಗೆ ಹೋದಾಗಲೆಲ್ಲ, ಒರೆಸಿದೆ. ನನ್ನ ಬುದ್ಧಿ ಅಷ್ಟರಮಟ್ಟಿನದು.

ಐದನೆಯ ದಿನ ಮಧ್ಯಾಹ್ನ ನಲ್ಲಿಯಿಂದ ನೀರು ಹೊತ್ತು ಒಳಗೆ ಬಂದೆ. ಅತ್ತೆ ಕಣ್ಣು ಮುಚ್ಚಿಕೊಂಡು, ಒಂದು ಕೈಯಲ್ಲಿ ಗೋಡೆ ಸವರುತ್ತ, ಅಡುಗೆಮನೆಯಿಂದ ಕೊಟ್ಟಿಗೆಯ ಕಡೆಗೆ ನಡೆಯುತ್ತಿದ್ದರು. "ಅನ್ನೊಂದು... ಅನ್ನೆಲ್ಡು..." ಹೆಜ್ಜೆ ಎಣಿಸುತ್ತಿದ್ದರು. ಹೊಸ್ತಿಲನ್ನು ಕಾಲ್ಬೆರಳಿನಿಂದ ಹುಡುಕಿದರು. ನನ್ನ ಕೈಯ ಬಿಂದಿಗೆ ಗೋಡೆಗೆ ತಾಗಿ ಸದ್ದಾಯಿತು. ಕಣ್ಣು ಬಿಟ್ಟರು.

"ಎದ್ರುಕೋಬ್ಯಾಡ ಕಣಮ್ಮಿ. ರೂಢಿ ಮಾಡ್ಕತಾ ಇವ್ನಿ," ಅಂದರು. "ನಮ್ಮವ್ವಂಗೂ ಇಂಗೇ ಸುರುವಾಗಿದ್ದು. ಮೊದ್ಲು ಬೆಳ್ಳಗೆ ಮಂಜು, ಆಮೇಕೆ ಕತ್ಲೆ. ನಿಮ್ಗೆಲ್ಲ ಫಳಫಳ ಅನ್ನೋ ನೆಲ ನಂಗೆ ಸುಣ್ಣ ಬಳ್ದಂಗೆ ಕಾಣ್ತದೆ. ನಿಮ್ ಮಾವಂಗೆ ಯೋಳ್ಬ್ಯಾಡ."

ಅವರ ಕೈ ಇನ್ನೂ ಗೋಡೆಯನ್ನು ಬಿಟ್ಟಿರಲಿಲ್ಲ. ಅವರು ಯಾವುದಕ್ಕಾದರೂ ಆತುಕೊಂಡು ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಮ್ಮ ಮೂವರ ಹೆದರಿಕೆಯನ್ನೆಲ್ಲ ಒಟ್ಟುಮಾಡಿ ಆ ಒಬ್ಬ ಹೆಂಗಸಿನ ತಲೆಯ ಮೇಲೆ ಹೊರಿಸಿಬಿಟ್ಟಿದ್ದೆವು.

"ಅತ್ತೆ," ಅಂದೆ. "ನೆಲ ಬೆಳ್ಳಗೇ ಐತೆ. ನಮ್ಗೂ ಅಂಗೇ ಕಾಣ್ತದೆ. ನಿಮ್ಗೆ ಎದ್ರುಕೊಂಡು ಸುಳ್ ಯೋಳುದ್ವಿ."

ಅವರು ನಂಬಲಿಲ್ಲ. ಬಿಂದಿಗೆಯನ್ನು ಅಲ್ಲೇ ಬಗ್ಗಿಸಿದೆ. ಕಲ್ಲು ಕಪ್ಪಾಯಿತು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಅದು ಆರುವುದನ್ನೇ ಕಾದೆವು. ಅಂಚಿನಿಂದ ಮೆಲ್ಲಗೆ ಬಿಳುಪು ಹರಡಿಕೊಂಡು ಬಂತು.

"ಮೂರೂ ಜನ್ವಾ?"

"ಹೂಂ."

"ಥೂ, ನಿಮ್ ಮನೆ ಕಾಯ್ವಾಗ! ಐದ್ ದಿನ ನನ್ನ ಕುರುಡಿ ಮಾಡ್ಬುಟ್ರಲ್ಲಮ್ಮಿ!" ಎಂದು ಸೆರಗನ್ನು ಮುಖಕ್ಕೆ ಒತ್ತಿಕೊಂಡರು. ಭುಜ ಕುಲುಕುತ್ತಿತ್ತು. ನಕ್ಕರೋ ಅತ್ತರೋ, ಇವತ್ತಿಗೂ ತಿಳಿಯದು.

ಪುಟ್ಟಾಚಾರಿ ಮೊಮ್ಮಗನನ್ನು ನೋಡಿಕೊಂಡು ಬಂದಾಗ ಯಜಮಾನರು ಆಸಿಡ್ ತಂದಿಟ್ಟಿದ್ದರು. ಚಿನ್ನವನ್ನು ಒರೆಗೆ ಹಚ್ಚುವವರ ವಂಶ ನೋಡಿ, ಆಚಾರಿ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ, ಯಾರಿಗೂ ಕಾಣದ ಕಡೆ ಒಂದೇ ತೊಟ್ಟು ಬಿಟ್ಟರು. ಬುಸ್ಸೆಂದು ನೊರೆ ಬಂತು, ಕಲ್ಲು ಕಜ್ಜಿ ಎದ್ದಂತಾಯಿತು. "ಇದು ಸುಣ್ಣದ್ ಜಾತಿ ಕಲ್ಲು ಕಣಣ್ಣ. ಆಸಿಡ್ಡು ಪೊರೆ ಜೊತೆ ಕಲ್ಲನ್ನೂ ತಿಂದಾಕ್ಬುಡ್ತದೆ," ಅಂದರು.

ಆಗ ಅತ್ತೆ ಬಾಯಿಬಿಟ್ಟರು. "ನಮ್ಮಪ್ಪನ ಆಲೆಮನೇಲಿ ಕಬ್ಬಿನಾಲು ಚೆಲ್ಲಿ ಚೆಲ್ಲಿ ಸಿಮೆಂಟು ನೆಲ ಪುಡಿಯಾಗೋದು. ಪಕ್ಕದಲ್ಲಿದ್ದ ಕಲ್ಚಪ್ಪಡಿಗೆ ಏನೂ ಆಯ್ತಿರ್ನಿಲ್ಲ. ಬೆಲ್ಲ ತನ್ನಿ."

ಅದನ್ನೂ ಮೊದಲು ವಾಡೆಯ ಹಿಂದೆಯೇ ನೋಡಿದೆವು. ಬೆಲ್ಲದ ನೀರಿನಲ್ಲಿ ಗೋಣಿತಾಟು ನೆನೆಸಿ ಕಲ್ಲಿನ ಮೇಲೆ ಹೊದಿಸಿ, ಒಂದು ಗಳಿಗೆ ಬಿಟ್ಟು ತೆಂಗಿನ ನಾರಿನಲ್ಲಿ ಉಜ್ಜಿದೆವು. ಎರಡು ದಿನ ಸೊಂಟ ಬಿದ್ದುಹೋಯಿತು, ಪೊರೆ ಬಿಟ್ಟಿತು. ಎಷ್ಟು ತೊಳೆದರೂ ಮೂರು ದಿನ ಊರಿನ ಇರುವೆಯೆಲ್ಲ ನಮ್ಮ ನಡುಮನೆಯಲ್ಲಿತ್ತು. ಧೈರ್ಯ ಬಂದಿದ್ದ ನಾನು, "ಇರುವೆ ಕಾಣ್ತವಾ ಅತ್ತೆ?" ಎಂದು ಕೇಳಿದೆ. "ನಿಂಗೆ ಕಾಣ್ದಿರೋವೂ ಕಾಣ್ತಾವೆ. ಸಾರಿಗೆ ಉಪ್ಪಾಕು ಓಗು," ಅಂದರು. ಬೈಗುಳ ಮತ್ತೆ ಶುರುವಾದದ್ದು ಹಬ್ಬ ಬಂದಂತಿತ್ತು.

ಇದೆಲ್ಲ ನೆನೆಯುತ್ತ ಕೂತವಳು ಎದ್ದು, ಒಂದು ಚೊಂಬು ನೀರು ತಂದು ಜಗಲಿಯ ಕಲ್ಲಿಗೆ ಸುರಿದೆ. ಈಗ ಕಪ್ಪಾಗಬೇಕು. ಕಾದೆ. ನೀರು ಹರಿದು ಮೆಟ್ಟಿಲಿಗೆ ಇಳಿಯಿತು. ಬಿಳುಪು ಇದ್ದಲ್ಲೇ ಇತ್ತು. ಸೆರಗಿನಿಂದ ಒರೆಸಿದೆ. ಇನ್ನೊಂದು ಚೊಂಬು ಸುರಿದೆ. ಇದ್ದಲ್ಲೇ ಇತ್ತು. ಮೊದಲಿದ್ದ ತಿಳಿಬಣ್ಣದ ನೆಲದಲ್ಲಿ ಈ ಮಂಜು ನನಗೆ ಗೊತ್ತಾಗಿರಲಿಲ್ಲವೇನೋ.

ಸೌಮ್ಯಳನ್ನು ಕರೆದೆ. "ನಂಗೆ ಎದ್ರುಕೋಬ್ಯಾಡ ಮಗ. ನಿಜ ಯೋಳು. ಈ ಕಲ್ಲು ಎಂಗೈತೆ?"

ಅವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ಮೆಲ್ಲಗೆ ಹೇಳಿದಳು: "ಕರ್ರಗೇ ಐತೆ ಅತ್ತೆ. ನಿಮ್ಗೆ ಬೆಳ್ಳಗೆ ಕಾಣ್ತದಾ?"

"ಹೂಂ."

ಅವಳು ಒದ್ದೆ ಕಲ್ಲಿನ ಮೇಲೆ ಹಾಗೇ ನನ್ನ ಪಕ್ಕ ಕೂತಳು. "ನಾಳೀಕೆ ಕಣ್ ತೋರ್ಸನ. ನಾನೂ ಬತ್ತೀನಿ," ಅಂದಳು. ಆಮೇಲೆ ಆರಿದ ಕಾಫಿಯ ಲೋಟ ತೆಗೆದುಕೊಂಡು ಎದ್ದಳು.

ಅವಳು ಒಳಗೆ ಹೋಗುವಾಗ ಕಣ್ಣು ಮುಚ್ಚಿಕೊಂಡು ಅವಳ ಹೆಜ್ಜೆ ಎಣಿಸಿದೆ. ಅಡುಗೆಮನೆಗೆ ಹದಿನಾಲ್ಕು.