ಈ ಸಾಲ ನನ್ನದೇ

2008ರಲ್ಲಿ ನಾನು ಜಯನಗರದ ಒಂದು ಬ್ಯಾಂಕ್ ಶಾಖೆಯಲ್ಲಿ ಗೃಹಸಾಲ ವಿಭಾಗದ ಅಧಿಕಾರಿಯಾಗಿದ್ದೆ. ಸಾಲ ಕೇಳಿ ಬಂದವರ ಪೂರ್ವಾಪರ ತಿಳಿಯಲು ನಮಗೆ ಆಗಷ್ಟೇ ಹೊಸ ದಾರಿಯೊಂದು ಸಿಕ್ಕಿತ್ತು. ಅದೇ ಕ್ರೆಡಿಟ್ ರಿಪೋರ್ಟ್. ಯಾರು ಎಲ್ಲಿ ಸಾಲ ಪಡೆದಿದ್ದಾರೆ, ಕಂತು ಸರಿಯಾಗಿ ಕಟ್ಟಿದ್ದಾರೆಯೇ ಎಂಬ ವಿವರವನ್ನು ಸಾಲ ಕೊಟ್ಟವರಿಂದಲೇ ಕಲೆಹಾಕಿ ಒಂದು ಸಂಸ್ಥೆ ಕೊಡುತ್ತಿದ್ದ ವರದಿ ಅದು. ಅದಕ್ಕೂ ಮೊದಲು ನಾವು ಮುಖ ನೋಡಿ, ಮಾತು ಕೇಳಿ ಜನರನ್ನು ಅಳೆಯುತ್ತಿದ್ದೆವು, ಆಗಾಗ ಬೇಸ್ತು ಬೀಳುತ್ತಿದ್ದೆವು. ಈ ವರದಿ ಬಂದ ಮೇಲೆ ನನ್ನಂಥ ಕಟ್ಟುನಿಟ್ಟಿನವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಶಾಖೆಯ ಹುಡುಗರು ನನ್ನ ಬೆನ್ನ ಹಿಂದೆ ನನ್ನನ್ನು ‘ರೂಲ್ಸ್ ಮೇಡಂ’ ಅನ್ನುತ್ತಿದ್ದರು. ಅನ್ನಲಿ ಬಿಡಿ, ಸುಳ್ಳೇನಲ್ಲ.

ಆ ಬೇಸಿಗೆಯಲ್ಲಿ ವಿಶಾಲಾಕ್ಷಿ ಎಂಬಾಕೆ ಅರ್ಜಿ ಹಿಡಿದು ಬಂದರು. ನಲವತ್ತರ ಹತ್ತಿರದ ವಯಸ್ಸು, ಸಮೀಪದ ನರ್ಸಿಂಗ್ ಹೋಮಿನಲ್ಲಿ ನರ್ಸ್. ಕೋಣನಕುಂಟೆಯಲ್ಲಿ ಬಾಡಿಗೆಗಿದ್ದರು, ಅಂಜನಾಪುರದಲ್ಲಿ ಎರಡು ಕೋಣೆಯ ಹಳೆಯ ಮನೆಯೊಂದನ್ನು ಕೊಳ್ಳಲು ಒಂದು ಲಕ್ಷ ಮುಂಗಡ ಕೊಟ್ಟಿದ್ದರು. ಗಂಡ ವ್ಯಾನ್ ಓಡಿಸುತ್ತಿದ್ದರೂ ಅವರ ಸಂಪಾದನೆಗೆ ದಾಖಲೆ ಇರಲಿಲ್ಲ. ಹಾಗಾಗಿ ಸಾಲ ಆಕೆಯ ಸಂಬಳದ ಮೇಲೆಯೇ ಆಗಬೇಕಿತ್ತು. ಮೂರು ತಿಂಗಳಲ್ಲಿ ಸಾಲ ಸಿಗದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ ಎಂಬ ಕರಾರಾಗಿತ್ತು.

ವರದಿ ತರಿಸಿ ನೋಡಿದರೆ ಆಕೆಯ ಹೆಸರಿನಲ್ಲಿ ಖಾಸಗಿ ಫೈನಾನ್ಸ್ ಕಂಪನಿಯೊಂದರ ಒಂದೂವರೆ ಲಕ್ಷದ ಪರ್ಸನಲ್ ಲೋನ್ ಇತ್ತು. ವರ್ಷಕ್ಕೂ ಮಿಕ್ಕಿ ಕಂತು ಬಂದಿರಲಿಲ್ಲ. ಎದುರಿಗೆ ‘ರಿಟನ್ ಆಫ್’ ಎಂದಿತ್ತು, ಅಂದರೆ ವಸೂಲಾಗದ್ದೆಂದು ಲೆಕ್ಕದಿಂದ ತೆಗೆದ ಸಾಲ. ಗೃಹಸಾಲಕ್ಕೆ ಇದಕ್ಕಿಂತ ಕೆಟ್ಟ ಗುರುತಿಲ್ಲ.

“ನಾನು ಯಾವ ಸಾಲಾನೂ ತಗೊಂಡಿಲ್ಲ ಮೇಡಂ. ನಮ್ಮಪ್ಪನಾಣೆ,” ಎಂದರು.

“ಆಣೆ ಪ್ರಮಾಣ ಎಲ್ಲ ಕಂಪ್ಯೂಟರಿಗೆ ಕೇಳಿಸಲ್ಲಮ್ಮ. ಬರೆದು ಕೊಡಿ, ವಿಚಾರಿಸೋಣ,” ಎಂದೆ.

ವರದಿಯಲ್ಲಿ ತಪ್ಪಿದ್ದರೆ ತಕರಾರು ಅರ್ಜಿ ಹಾಕಬಹುದು. ಆದರೆ ವರದಿ ಕೊಡುವ ಸಂಸ್ಥೆ ತಾನಾಗಿ ಒಂದಕ್ಷರವನ್ನೂ ತಿದ್ದುವುದಿಲ್ಲ. ಸಾಲ ಕೊಟ್ಟವರು ತಪ್ಪೆಂದು ಒಪ್ಪಬೇಕು. ಆಕೆಯ ಮುಖದಲ್ಲಿ ಸುಳ್ಳಿನ ಸುಳಿವಿರಲಿಲ್ಲ. ಹೆಸರು ಹೆಸರು ಕಲಸಿಹೋದ ಪ್ರಕರಣಗಳನ್ನು ನಾನು ಬೇಕಾದಷ್ಟು ಕಂಡಿದ್ದೆ. ಇದೂ ಹಾಗೇ ಇರಬೇಕೆಂದು ತಕರಾರು ಕಳಿಸಿ, ಫೈನಾನ್ಸ್ ಕಂಪನಿಯಿಂದ ಸಾಲದ ಮೂಲ ಕಾಗದದ ನಕಲು ಕೇಳಿದೆ.

ತಿಂಗಳೊಪ್ಪತ್ತಿನಲ್ಲಿ ನಕಲು ಬಂತು. ಫೋಟೋ ಆಕೆಯದೇ, ಪ್ಯಾನ್ ಕಾರ್ಡ್ ಆಕೆಯದೇ. ಸಹಿ ಮಾತ್ರ ಯಾರೋ ನೋಡಿಕೊಂಡು ಬರೆದಂತಿತ್ತು. ವಿಳಾಸ ಹನುಮಂತನಗರದ್ದು. ಕರೆಸಿ ತೋರಿಸಿದಾಗ ಆಕೆ ಫೋನ್ ನಂಬರಿನ ಮೇಲೆ ಬೆರಳಿಟ್ಟರು.

“ಇದು ನಮ್ಮಣ್ಣನ ಅಂಗಡಿ ಫೋನು.”

ಅಪ್ಪ ತೀರಿಕೊಂಡ ಮೇಲೆ ಮನೆಯ ಖಾತೆ ಬದಲಾವಣೆಗೆಂದು ಅಣ್ಣ ಫೋಟೋ, ಪ್ಯಾನ್ ಕಾರ್ಡಿನ ಜೆರಾಕ್ಸ್ ಇಸಿದುಕೊಂಡಿದ್ದನಂತೆ. ವಸೂಲಿಯವರು ಫೋನ್ ಮಾಡಿದ್ದೂ ಅಂಗಡಿಗೇ, ಬಂದು ಕೂಗಾಡಿದ್ದೂ ಅಲ್ಲೇ. ಆಕೆಯ ಕಿವಿಗೆ ಏನೂ ಬಿದ್ದಿರಲಿಲ್ಲ.

ಮರುದಿನ ಆಕೆ ಅಣ್ಣನನ್ನೇ ಕರೆತಂದರು. ಹೆಸರು ಶಿವಣ್ಣ, ಪಾತ್ರೆ ಅಂಗಡಿ. ಹಣೆಯಲ್ಲಿ ವಿಭೂತಿ, ಒಗೆದು ಮಾಸಿದ ಬಿಳಿ ಶರ್ಟು. ಕಳ್ಳನೊಬ್ಬನನ್ನು ಬೈಯಲು ಬೆಳಗಿನಿಂದ ಸಿದ್ಧವಾಗಿದ್ದ ನಾನು ಈ ಮನುಷ್ಯನನ್ನು ನೋಡಿ ಕೂರಲು ಕುರ್ಚಿ ತೋರಿಸಿದೆ.

“ಅಂಗಡಿ ಮುಳುಗ್ತಿತ್ತು ಮೇಡಂ. ನನ್ನ ಹೆಸರಿಗೆ ಯಾರೂ ಕೊಡ್ಲಿಲ್ಲ. ಕಟ್ಟಿಬಿಡ್ತೀನಿ ಅಂದ್ಕೊಂಡೆ, ಆಗ್ಲಿಲ್ಲ.”

“ಒಂದು ಮಾತು ತಂಗೀನ ಕೇಳಬಾರದಿತ್ತೇನ್ರಿ?”

“ಕೇಳಿದ್ರೆ ಇಲ್ಲ ಅಂತಿರ್ಲಿಲ್ಲ. ತವರುಮನೆಯೋನು ಕೊಡಬೇಕು ಮೇಡಂ. ಹೆಣ್ಣುಮಗಳ ಮುಂದೆ ಕೈಯೊಡ್ಡೋದು ಹೇಗೆ?”

ಕೈಯೊಡ್ಡಲು ನಾಚಿ ಕಳ್ಳಸಹಿ ಹಾಕಿದ್ದ. ಈ ತರ್ಕಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಿಶಾಲಾಕ್ಷಿ ಕಿಟಕಿಯ ಕಡೆ ನೋಡುತ್ತ ಕುಳಿತಿದ್ದರು.

ಫೈನಾನ್ಸ್ ಕಂಪನಿಯ ಉತ್ತರ ಖಚಿತವಾಗಿತ್ತು. ಸಾಲ ತನ್ನದಲ್ಲವೆಂದರೆ ಪೊಲೀಸ್ ದೂರಿನ ಪ್ರತಿ ಕೊಡಬೇಕು. ಅಣ್ಣ ತಾನೇ ತಪ್ಪೊಪ್ಪಿ ಬರೆದುಕೊಟ್ಟರೂ ಅದು ಫೋರ್ಜರಿಯೇ, ಕೇಸು ತಪ್ಪದು. ಬಾಕಿಯನ್ನು ಆಕೆಯೇ ತೀರಿಸಿದರೆ ಸಾಲ ಮುಗಿಯುತ್ತದೆ, ಆದರೆ ಕಂತು ತಪ್ಪಿಸಿದ ಗುರುತು ವರದಿಯಲ್ಲಿ ಹಲವು ವರ್ಷ ಉಳಿಯುತ್ತದೆ. ಆ ಗುರುತಿರುವಾಗ ಗೃಹಸಾಲ ಸಿಗುವುದಿಲ್ಲ. “ದೂರು ಕೊಡಿ. ತಪ್ಪು ನಿಮ್ಮದಲ್ಲ,” ಎಂದು ನಾನು ಆಕೆಗೆ ಎರಡೆರಡು ಬಾರಿ ಹೇಳಿದೆ.

ಒಂದು ವಾರ ಬಿಟ್ಟು ಬಂದರು, ಒಬ್ಬರೇ. ಚೀಲದಿಂದ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟರು. ತಕರಾರನ್ನು ಹಿಂಪಡೆಯುತ್ತೇನೆ, ಈ ಸಾಲ ನನ್ನದೇ, ಎಂದಷ್ಟೇ ಬರೆದಿತ್ತು.

“ಇದು ಸುಳ್ಳು ವಿಶಾಲಾಕ್ಷಿ!” ಎಂದು ರೇಗಿದೆ. ಕೌಂಟರಿನವರೆಲ್ಲ ತಿರುಗಿ ನೋಡಿದರು.

“ನನ್ನ ನರ್ಸಿಂಗ್ ಫೀಸ್ ಕಟ್ಟಕ್ಕೆ ಅವನು ಕಾಲೇಜ್ ಬಿಟ್ಟು ಅಪ್ಪನ ಜೊತೆ ಅಂಗಡೀಲಿ ಕೂತ ಮೇಡಂ. ಅವನನ್ನ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಸಿ ನಾನು ಯಾವ ಮನೇಲಿ ಸುಖವಾಗಿರ್ಲಿ? ಮನೆ ಇವತ್ತಲ್ಲ ನಾಳೆ ಆಗತ್ತೆ. ತವರು ಹೋದ್ರೆ ಬರುತ್ತಾ?”

“ಯಜಮಾನರು ಏನಂದ್ರು?”

“ನಿನ್ನಿಷ್ಟ ಅಂದ್ರು. ಆಮೇಲೆ ಮಾತಾಡಿಲ್ಲ.”

ಮನೆಗೆಂದು ಕೂಡಿಟ್ಟಿದ್ದ ದುಡ್ಡಿನಲ್ಲಿ ಆಕೆ ಬಾಕಿ ತೀರಿಸಿದರು. ಗೃಹಸಾಲದ ಅರ್ಜಿ ತಿರಸ್ಕೃತವಾಯಿತು, ಆ ಟಿಪ್ಪಣಿ ಬರೆದವಳು ನಾನೇ. ನಿಯಮದ ಪ್ರಕಾರ ಬೇರೆ ದಾರಿಯಿರಲಿಲ್ಲ. ಮುಂಗಡದಲ್ಲಿ ಒಂದು ರೂಪಾಯಿಯೂ ವಾಪಸು ಬರಲಿಲ್ಲವೆಂದು ಆಮೇಲೆ ಕೇಳಿದೆ. ಆ ಟಿಪ್ಪಣಿ ಬರೆದ ದಿನ ಸಂಜೆ ಮನೆಗೆ ಹೋದವಳು ಅಡುಗೆ ಮಾಡದೆ ಕುಳಿತಿದ್ದೆ. ಸಂಕಟ ತಡೆಯಲಾಗಿರಲಿಲ್ಲ.

ಮರುವರ್ಷ ನನ್ನ ಅತ್ತೆಯವರನ್ನು ಅದೇ ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಡ್ರಿಪ್ ಹಾಕಲು ಬಂದವರು ವಿಶಾಲಾಕ್ಷಿ. ಮಾರನೆಯ ದಿನ ಗೌರಿ ಹಬ್ಬ. ಏನಾದರೂ ಮಾತಾಡಬೇಕಲ್ಲ ಎಂದು, “ಅಣ್ಣ ಬಾಗಿನ ತಂದ್ರಾ?” ಎಂದು ಕೇಳಿಬಿಟ್ಟೆ.

ಆಕೆ ಸೂಜಿಯ ಮೇಲೆ ಪ್ಲಾಸ್ಟರ್ ಅಂಟಿಸಿ ಮುಗಿಸಿದರು. “ದುಡ್ಡು ಕಟ್ಟಿದ ಮೇಲೆ ಅವನು ನಮ್ಮನೆ ಕಡೆ ಬಂದಿಲ್ಲ ಮೇಡಂ. ನಾನೇ ಹೋದ್ರೆ ಹಿಂದಿನ ಬಾಗಿಲಿಂದ ಆಚೆ ಹೋಗಿಬಿಡ್ತಾನೆ. ಬೈದಿದ್ರೆ ಬರ್ತಿದ್ನೇನೋ ಅಂತಾರೆ ಅತ್ತಿಗೆ.”

ಅತ್ತೆಯ ಕೈಯನ್ನು ಹೊದಿಕೆಯ ಮೇಲೆ ಸರಿಯಾಗಿಟ್ಟು ಮುಂದಿನ ಮಂಚಕ್ಕೆ ಹೋದರು.

ಆಮೇಲೆ ನಿವೃತ್ತಿಯವರೆಗೆ ಎಷ್ಟೋ ತಕರಾರು ಅರ್ಜಿ ಕಳಿಸಿದೆ, ಎಷ್ಟೋ ವರದಿಗಳು ತಿದ್ದಿ ಬಂದವು. ಬೇರೆಯವರ ತಪ್ಪನ್ನು ತನ್ನದೆಂದು ಒಪ್ಪಿಕೊಂಡರೆ ಅವರು ನಮ್ಮವರಾಗಿಯೇ ಉಳಿಯುತ್ತಾರೆ ಎಂದು ವಿಶಾಲಾಕ್ಷಿ ನಂಬಿದ್ದರು. ಕೊನೆಗೆ ನಾನೂ ಹಾಗೇ ನಂಬಿದ್ದೆ. ಕ್ಷಮಿಸುವುದು ಒಬ್ಬರ ಕೈಲಿರುತ್ತದೆ, ಅದನ್ನು ತೆಗೆದುಕೊಳ್ಳುವ ಶಕ್ತಿ ಇನ್ನೊಬ್ಬರಿಗೆ ಇರಬೇಕು. ತಂಗಿಯ ಮುಂದೆ ಕೈಯೊಡ್ಡಲಾರದ ಶಿವಣ್ಣನಿಗೆ ಅದೂ ಆಗಲಿಲ್ಲ.