ಒಂದೇ ಪಾಸ್‌ವರ್ಡಿನ ಸಂಸಾರ

ಆ ಹೆಸರು ಇಟ್ಟವರು ಯಾರೆಂದು ಅವಳಿಗೆ ಗೊತ್ತಿಲ್ಲ. ಗೊತ್ತಾಗಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು. ಪಾಸ್‌ವರ್ಡ್ ಅಕ್ಕ! ಪಾರ್ಸೆಲ್ ಲಾರಿ ಕಂಪನಿಯ ಆ ಶಾಖೆಯಲ್ಲಿ, ಬುಕಿಂಗ್ ಕೌಂಟರಿನ ಹಿಂದೆ ಕೂತೂ ಕೂತೂ ಕುರ್ಚಿಯ ಸ್ಪಂಜೇ ಚಪ್ಪಟೆಯಾಗಿ ಹೋಗಿತ್ತು. ಅಷ್ಟು ವರ್ಷ ದುಡಿದವಳಿಗೆ ಸಿಕ್ಕಿದ ಬಿರುದು ನೋಡಿ. ಲಾರಿ ಡ್ರೈವರುಗಳು ಹಾಗೆ ಕರೆಯುತ್ತಿದ್ದರು, ಹಮಾಲರು ಕರೆಯುತ್ತಿದ್ದರು, ಒಮ್ಮೆ ಗಿರಾಕಿಯೊಬ್ಬ ಅದೇ ಅವಳ ನಿಜವಾದ ಹೆಸರೆಂದು ತಿಳಿದು ರಸೀದಿಯ ಮೇಲೂ ಬರೆದಿದ್ದ.

ಎಡವಟ್ಟೆಲ್ಲ ಶುರುವಾಗಿದ್ದು ಆಫೀಸಿಗೆ ಕಂಪ್ಯೂಟರ್ ಬಂದ ದಿನ. ಹೆಡ್ಡಾಫೀಸಿನಿಂದ ಬಂದ ತಂತ್ರಜ್ಞ ವೈರುಗಳನ್ನೆಲ್ಲ ಜೋಡಿಸಿ, “ಲಾಗಿನ್ ಯಾರ ಹೆಸರಲ್ಲಿ ಮಾಡ್ಲಿ? ಒಂದು ಶಾಖೆಗೆ ಒಂದೇ ಕೊಡೋದು” ಅಂದ. ಮ್ಯಾನೇಜರು ಅವತ್ತು ಹಲ್ಲು ಕೀಳಿಸಲು ಹೋಗಿದ್ದರು. ಕ್ಯಾಷಿಯರು “ಅಯ್ಯೋ, ನಂಗ್ಯಾಕಪ್ಪಾ ಆ ಉಸಾಬರಿ” ಎಂದು ಜಾರಿಕೊಂಡರು. ಉಳಿದವಳು ಅಕ್ಕ. ತನ್ನ ಹೆಸರು ಕೊಟ್ಟಳು, ಮಗಳ ಮುದ್ದಿನ ಹೆಸರನ್ನು ಪಾಸ್‌ವರ್ಡ್ ಮಾಡಿದಳು. ಒಂದು ವಾರದೊಳಗೆ ಆ ಮುದ್ದಿನ ಹೆಸರು ಚೀಟಿಯಾಗಿ ಕಂಪ್ಯೂಟರಿನ ಹಣೆಗೆ ಅಂಟಿತ್ತು. ಮನೆಯಲ್ಲಿ ಅವಳೊಬ್ಬಳೇ ಕರೆಯುತ್ತಿದ್ದ ಹೆಸರನ್ನು ಗೋದಾಮಿನಲ್ಲಿ ಮೂಟೆ ಹೊರುವವರು ಕೂಗಿ ಕೂಗಿ ಹೇಳಿಕೊಡುವುದನ್ನು ಕೇಳಿದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು.

ಕೆಲಸಕ್ಕೆಂದು ಬಂದ ಕಂಪ್ಯೂಟರು ಆಮೇಲೆ ಯಾವ ಯಾವ ಕೆಲಸಕ್ಕೆ ಬಂತು ಎಂದು ಹೇಳಹೊರಟರೆ ಮುಗಿಯುವುದಿಲ್ಲ. ಅವಳು ಊಟಕ್ಕೆ ಎದ್ದರೆ ಸಾಕು, ಒಬ್ಬರು ಬಂದು ಕೂರುತ್ತಿದ್ದರು. ಕೈ ತೊಳೆದು ಬಂದು ನೋಡಿದರೆ ಎದ್ದು ಹೋಗಿರುತ್ತಿದ್ದರು, ಹುಡುಕಿದ್ದು ಮಾತ್ರ ಅಲ್ಲೇ ಇರುತ್ತಿತ್ತು. ಒಂದು ಅಕ್ಷರ ಒತ್ತಿದರೆ ಸಾಕು, ಹಳೆಯದೆಲ್ಲ ಸಾಲಾಗಿ ಕೆಳಗೆ ಇಳಿಯುತ್ತಿತ್ತು. ‘ಬೊಕ್ಕ ತಲೆಯಲ್ಲಿ ಕೂದಲು ಬರಿಸುವುದು ಹೇಗೆ.’ ಇದು ಮ್ಯಾನೇಜರದ್ದು, ಸಂಶಯವೇ ಬೇಡ. ‘ಐವತ್ತೈದರ ವರನಿಗೆ ವಧು.’ ಹೆಂಡತಿ ತೀರಿಕೊಂಡ ಮೇಲೆ ಇದ್ದಕ್ಕಿದ್ದಂತೆ ಅಂಗಿಗೆ ಇಸ್ತ್ರಿ ಹಾಕತೊಡಗಿದ್ದ ಕ್ಯಾಷಿಯರು. ‘ಮೂತ್ರ ಕಟ್ಟಿದಂತಾಗುವುದು, ಆಪರೇಷನ್ ಬೇಕೇ ಬೇಕಾ.’ ಅರ್ಧ ಗಂಟೆಗೊಮ್ಮೆ ಗೋದಾಮಿನ ಹಿಂದಕ್ಕೆ ಓಡುತ್ತಿದ್ದ ಹಮಾಲರ ಮೇಸ್ತ್ರಿ. ಇಷ್ಟಕ್ಕೇ ನಿಂತಿದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಒಂದು ದಿನ ‘ಗಂಡನ ಮನೆ ಬಿಟ್ಟು ಬಂದರೆ ಮಗು ಯಾರಿಗೆ’ ಎಂಬುದೂ ಕಣ್ಣಿಗೆ ಬಿತ್ತು. ಬಿಲ್ ಬರೆಯುವ ಹುಡುಗಿ ಅವತ್ತು ಎರಡು ಬಿಲ್ಲು ತಪ್ಪು ಬರೆದಿದ್ದಳು. ಅಕ್ಕ ಬೈಯಲಿಲ್ಲ. ಎರಡನ್ನೂ ಹರಿದು ತಾನೇ ಬರೆದಳು.

ಯಾರದ್ದು ಯಾವುದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಹಗಲೆಲ್ಲ ಮುಖ ಮುಖ ನೋಡಿಕೊಂಡು ಕೂರುವವರಿಗೆ ಇಷ್ಟೂ ಗೊತ್ತಾಗುವುದಿಲ್ಲವೇ? ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ಅವರು ಮಾತ್ರ ಅವಳ ಪ್ರಾಣ ತಿನ್ನುವುದನ್ನು ಬಿಡಲಿಲ್ಲ. ಅದರಲ್ಲೂ ಈಚೆಗೆ ಅವರ ಕಾಟ ಹೇಳತೀರದು. ಮೇಸ್ತ್ರಿ ಬಂದನೆಂದರೆ ಮಾತಿಗೆ ಮೊದಲು ಕೌಂಟರಿನ ಮೇಲೆ ಅಂಗೈಯಿಂದ ಧಡ್ ಧಡ್ ಎಂದು ಬಡಿಯುತ್ತಿದ್ದ. “ಕೌಂಟರು ನಿಮ್ಮಪ್ಪಂದಾ?” ಎಂದು ಎಷ್ಟು ಸಲ ಉಗಿದಿದ್ದಳೋ. ಕ್ಯಾಷಿಯರು ಎದುರಿಗೇ ಇದ್ದವರು ಒಂದು ಮಾತಿಗಾಗಿ ಕುರ್ಚಿ ಕಿರ್ ಎನಿಸಿ ಎದ್ದು, ಇಡೀ ಮೇಜು ಸುತ್ತಿ ಅವಳ ಬಲಕ್ಕೆ ಬಂದು ನಿಲ್ಲುತ್ತಿದ್ದರು. ಬಿಲ್ಲಿನ ಹುಡುಗಿಯದು ಇನ್ನೊಂದು ರೋಗ. ಕೌಂಟರಿನ ಎಡ ತುದಿಯಲ್ಲಿ ಗಿರಾಕಿ ಬಾಯಿ ತೆರೆದರೆ ಅಕ್ಕನಿಗೆ ಅವಕಾಶವನ್ನೇ ಕೊಡದೆ ತಾನು ಉತ್ತರ ಕೊಟ್ಟುಬಿಡುತ್ತಿದ್ದಳು. ತನ್ನ ಕೆಲಸಕ್ಕೆ ಕಣ್ಣು ಹಾಕಿದ್ದಾಳೆಂದು ಅಕ್ಕನಿಗೆ ಅನುಮಾನ ಬಂದಿತ್ತು.

ಅನುಮಾನಕ್ಕೆ ಕಾರಣವಿತ್ತು. ಕಳೆದ ಚಳಿಯಲ್ಲಿ ಹಿಡಿದ ನೆಗಡಿ ಬಿಟ್ಟುಹೋಗುವಾಗ ಅವಳ ಎಡಗಿವಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಡಾಕ್ಟರು ನರ ಸತ್ತಿದೆ ಅಂದರು. ಬುಕಿಂಗ್ ಕೌಂಟರೆಂದರೆ ಅರ್ಧ ಕೆಲಸ ಟೆಲಿಫೋನಿನದು, ಟೆಲಿಫೋನು ಇದ್ದದ್ದು ಅವಳ ಎಡಕ್ಕೆ. ವೈರು ಅಲ್ಲಿಗಷ್ಟೇ ಎಟುಕುತ್ತಿತ್ತು. ಅದು ಬಡಿದುಕೊಂಡಾಗಲೆಲ್ಲ ಎಡಗೈಯಲ್ಲಿ ಎತ್ತಿ, ಕತ್ತಿನ ಹಿಂದಿನಿಂದ ತಿರುಚಿ ಬಲಗಿವಿಗೆ ತರುವ ಕಸರತ್ತು ಮಾಡಬೇಕು. ಅದೂ ಯಾರಿಗೂ ಕಾಣದ ಹಾಗೆ. ಹಿಂದೆ ಪಾರ್ಸೆಲ್ ತೂಗುವವನಿಗೆ ಒಂದು ಕಣ್ಣು ಮಂಜಾದಾಗ ಹೆಡ್ಡಾಫೀಸಿನವರು ಏನು ಮಾಡಿದರೆಂದು ಅವಳು ಕಣ್ಣಾರೆ ಕಂಡಿದ್ದಳು. “ಸಾಕಷ್ಟು ದುಡಿದಿದ್ದೀರಿ, ಇನ್ನು ವಿಶ್ರಾಂತಿ ತಗೊಳ್ಳಿ” ಎಂದು ನಯವಾಗಿ ಮನೆಗೆ ಕಳಿಸಿದರು. ಅವಳ ಗಂಡನ ಹೊಲಿಗೆ ಅಂಗಡಿ ನೆಚ್ಚಿಕೊಂಡು ಕೂರುವಂಥದ್ದಲ್ಲ, ಮಗಳ ಓದು ಇನ್ನೂ ಮುಗಿದಿಲ್ಲ.

ಮನೆಯಲ್ಲೂ ಹೇಳಿರಲಿಲ್ಲ. ಗಂಡ ಎಡಗಡೆಯಿಂದ ಏನಾದರೂ ಅಂದರೆ “ಗುಸುಗುಸು ಅನ್ಬೇಡಿ, ಬಾಯಿ ಬಿಟ್ಟು ಮಾತಾಡಿ” ಎಂದು ಅವನ ಮೇಲೇ ಹಾಯುತ್ತಿದ್ದಳು. ಮೊಬೈಲಿನಲ್ಲಿ ಹುಡುಕೋಣವೆಂದರೆ, ಮನೆಗೆ ಕಾಲಿಟ್ಟ ಕ್ಷಣದಿಂದ ಅದು ಮಗಳ ಕೈಯಲ್ಲಿ, ಹುಡುಕಿದ್ದೆಲ್ಲ ಅವಳ ಕಣ್ಣಿಗೆ ಬೀಳುತ್ತದೆ. ಅವಳಿಗೆ ಗೊತ್ತಾದರೆ ಓದು ಬಿಟ್ಟು ಕೆಲಸಕ್ಕೆ ಸೇರುತ್ತೇನೆಂದು ಕೂರುತ್ತಾಳೆ. ಹಾಗಾಗಿ ಅಕ್ಕನೂ ಒಂದು ಮಧ್ಯಾಹ್ನ, ಎಲ್ಲರೂ ಲಾರಿ ಇಳಿಸುವ ಗಡಿಬಿಡಿಯಲ್ಲಿದ್ದಾಗ, ಆಫೀಸಿನ ಕಂಪ್ಯೂಟರಿನಲ್ಲೇ ಒಂದೊಂದೇ ಅಕ್ಷರ ಒತ್ತಿದಳು: ‘ಒಂದು ಕಿವಿ ಕೇಳದಿದ್ದರೆ ಕೆಲಸದಿಂದ ತೆಗೆಯುತ್ತಾರಾ.’ ಮರುದಿನವೂ ಒತ್ತಿದಳು. ಅಷ್ಟೊಂದು ಜನರ ಗುಟ್ಟಿನ ರಾಶಿಯಲ್ಲಿ ತನ್ನದನ್ನು ಯಾರು ಹೆಕ್ಕುತ್ತಾರೆ ಎಂದು ಧೈರ್ಯ.

ಎರಡು ತಿಂಗಳು ಕಳೆದ ಮೇಲೆ ಬಂತು ನೋಡಿ, ಹೆಡ್ಡಾಫೀಸಿನ ಫೋನು.

ಪ್ರತಿ ಶಾಖೆಯ ಕಂಪ್ಯೂಟರಿನಲ್ಲಿ ಏನೇನು ನೋಡುತ್ತಾರೆಂದು ಅಲ್ಲಿಂದಲೇ ಕಾಣುವ ವ್ಯವಸ್ಥೆ ಮಾಡಿದ್ದಾರಂತೆ. ಈ ಶಾಖೆಯಲ್ಲಿ ಕೆಲಸಕ್ಕಿಂತ ಸ್ವಂತ ವಿಷಯ ಹುಡುಕಿದ್ದೇ ಹೆಚ್ಚಂತೆ, ಎಲ್ಲವೂ ಒಬ್ಬರೇ ನೌಕರರ ಹೆಸರಿನಲ್ಲಿದೆಯಂತೆ. ನಾಳೆ ತಪಾಸಣೆಯ ಸಾಹೇಬರು ಬರುತ್ತಾರೆ. ನೀವೊಬ್ಬರೇ ನೋಡಿದ್ದೋ, ಬೇರೆಯವರೂ ಇದ್ದಾರೋ, ಇದ್ದರೆ ಯಾರು ಏನು ನೋಡಿದರು, ಎಲ್ಲ ಹೇಳಬೇಕು. ಇಲ್ಲದಿದ್ದರೆ ಕೆಲಸದ ಆಸೆ ಬಿಡಿ.

ಅಕ್ಕ ರಿಸೀವರು ಕುಕ್ಕಿದಳು. “ಮಾಡೋರು ನೀವು, ತಲೆ ಕೊಡೋಳು ನಾನಾ?” ಎಂದು ಅವಳು ಶುರುಮಾಡಿದ ಸಹಸ್ರನಾಮ ಲಾರಿ ಶೆಡ್ಡಿನವರೆಗೂ ಕೇಳಿಸಿತು. ಸಂಜೆಯಾಗುತ್ತಲೇ ಒಬ್ಬೊಬ್ಬರಾಗಿ ಬಂದರು. ಮ್ಯಾನೇಜರು ಟೋಪಿ ಸರಿಮಾಡಿಕೊಳ್ಳುತ್ತ, “ಏನಮ್ಮಾ, ಹೇಳೋದಾದ್ರೆ... ನಂದೊಂದು ಬಿಟ್ಟು ಹೇಳಿ” ಅಂದರು.

ಕ್ಯಾಷಿಯರು ಮೇಜು ಸುತ್ತಿ ಬಂದು ನಿಂತು, “ಮಕ್ಕಳಿಗೆ ಗೊತ್ತಾದ್ರೆ ಮುಖ ತೋರಿಸೋಕಾಗಲ್ಲ ಅಕ್ಕಾ” ಅಂದರು. ಮೇಸ್ತ್ರಿ ಧಡ್ ಎಂದು ಬಡಿದು, ಹಾಗೇ ಗೋದಾಮಿನ ಹಿಂದಕ್ಕೆ ಓಡಿದ. ಬಿಲ್ಲಿನ ಹುಡುಗಿ ಬರಲೇ ಇಲ್ಲ. ಬೀಗ ಹಾಕುವ ಹೊತ್ತಿನಲ್ಲಿ ಚೀಲ ಎದೆಗೆ ಅವಚಿಕೊಂಡು ಬಾಗಿಲ ಬಳಿ ನಿಂತಿದ್ದಳು. ಅವಳ ಗಂಡನ ತಮ್ಮ ಇದೇ ಕಂಪನಿಯ ಲಾರಿ ಓಡಿಸುತ್ತಿದ್ದ. ಆ ಮಗುವಿನ ಮಾತು ಆಫೀಸಿನಿಂದ ಹೊರಬಿದ್ದರೆ ಅದೇ ದಿನ ಅವಳ ಮನೆಗೆ ಮುಟ್ಟುತ್ತದೆ.

ಮನೆಗೆ ಬಂದ ಅಕ್ಕ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಇವರನ್ನೇನು ತಾನು ಹೆತ್ತಿದ್ದಾಳಾ? ಹೇಳಿಬಿಡುತ್ತೇನೆ, ಹುಡುಗಿಯದೊಂದು ಬಿಟ್ಟು ಎಲ್ಲರದ್ದೂ ಹೇಳಿಬಿಡುತ್ತೇನೆ. ಕೂದಲು ಅವರದು, ವಧು ಇವರದು, ಮೂತ್ರ ಅವನದು ಎಂದು ತೊಳೆದ ತಟ್ಟೆಗಳನ್ನು ಒಂದೊಂದಾಗಿ ಆಚೆಗಿಡುತ್ತ ಬಂದಳು. ಹಾಗೆ ಒಬ್ಬೊಬ್ಬರದನ್ನೇ ತೆಗೆದಿಟ್ಟರೆ ಕೊನೆಗೆ ಉಳಿಯುವುದೇನು? ಹುಡುಗಿಯ ಮಗು, ತನ್ನ ಕಿವಿ. ಸಾಹೇಬ ಎರಡಕ್ಕೂ ಮುಖ ಹುಡುಕುತ್ತಾನೆ. ಕೈಯಲ್ಲಿದ್ದ ತಟ್ಟೆ ಜಾರಿ ಬಿತ್ತು.

“ಏನಾಯ್ತೇ?” ಎಂದು ಗಂಡ ಒಳಗಿನಿಂದ ಕೇಳಿದ.

“ಏನಿಲ್ಲ, ನನ್ನ ಹಣೆಬರಹ!” ಎಂದಳು.

ಮರುದಿನ ಸಾಹೇಬ ಬಂದ. ವಯಸ್ಸು ಸಣ್ಣದು, ಗತ್ತು ದೊಡ್ಡದು. ಎಲ್ಲರನ್ನೂ ಮ್ಯಾನೇಜರ ಕೋಣೆಯಲ್ಲಿ ಕೂರಿಸಿ, ತನ್ನ ಲ್ಯಾಪ್‌ಟಾಪ್ ತೆರೆದ. “ಹೇಳಿಮ್ಮಾ, ಯಾರ್ಯಾರದ್ದು ಯಾವ್ಯಾವುದು?”

“ಎಲ್ಲ ನಂದೇ” ಅಂದಳು ಅಕ್ಕ.

“ಎಲ್ಲ?”

“ಹೆಸರು ನಂದಲ್ವಾ? ಎಲ್ಲ ನಂದೇ.”

ಅವನಿಗೆ ರೇಗಿತು. ಗಟ್ಟಿಯಾಗಿ ಓದತೊಡಗಿದ. ಕೂದಲು ಬಂತು. ಮ್ಯಾನೇಜರು ಫ್ಯಾನು ನೋಡಿದರು. “ಬೊಕ್ಕ ತಲೆ ನಿಮಗಾ?” “ಹೌದು, ಉದುರ್ತಾ ಇದೆ.” ಮೂತ್ರದ್ದು ಬಂತು. “ಇದು ಗಂಡಸರ ರೋಗ ಕಣ್ರೀ!” “ನಂಗೂ ಹಾಗೇ ಅನ್ನಿಸ್ತು, ಅದಕ್ಕೇ ಹುಡುಕಿದ್ದು.” ವಧು ಬಂದಳು. “ನಿಮಗ್ಯಾಕೆ ವಧು?” “ನೆಂಟರಲ್ಲಿ ಒಬ್ಬರಿದ್ದಾರೆ.” ಮಗುವಿನ ಸಾಲು ಬಂದಾಗ ಹುಡುಗಿಯ ಉಸಿರು ನಿಂತದ್ದು ಪಕ್ಕದಲ್ಲಿದ್ದ ಅಕ್ಕನಿಗೆ ಗೊತ್ತಾಯಿತು. “ನಂದೇ” ಅಂದಳು, ಸಾಹೇಬ ಕೇಳುವ ಮೊದಲೇ. ಆಮೇಲೆ ಅವನು ಅದೇ ಸ್ವರದಲ್ಲಿ, ಅದೇ ಬೇಸರದಲ್ಲಿ, ಕಿವಿಯ ಸಾಲನ್ನು ಓದಿದ. ತನ್ನ ಭಯವನ್ನು ಬೇರೊಬ್ಬರ ಬಾಯಲ್ಲಿ, ಅಷ್ಟು ಜನರ ಮುಂದೆ ಕೇಳಿದ್ದು ಅವಳಿಗೆ ಅದೇ ಮೊದಲು.

“ನಂದೇ” ಅಂದಳು. ಆ ಹೊತ್ತಿಗೆ ಸತ್ಯ ಹೇಳಿದ್ದು ಅದೊಂದೇ.

ಸಾಹೇಬ ಲ್ಯಾಪ್‌ಟಾಪ್ ಮುಚ್ಚಿದ. “ಬೋಳು ತಲೆಯೂ ನಿಮಗೇ, ಮೂತ್ರ ಕಟ್ಟೋದೂ ನಿಮಗೇ, ಕಿವುಡೂ ನಿಮಗೇ! ನನ್ನ ಕಿವಿ ಮೇಲೆ ಹೂ ಇಡ್ತೀರಾ?” ಒಂದನ್ನೂ ಅವನು ನಂಬಲಿಲ್ಲ. ಆದರೆ ಶಿಕ್ಷೆಗೆ ಒಂದು ಹೆಸರು ಬೇಕಿತ್ತು, ಸಿಕ್ಕಿದ್ದು ಅವಳ ಹೆಸರೇ. ಕೆಲಸ ಉಳಿಯಿತು. ಈ ವರ್ಷ ಬರಬೇಕಿದ್ದ ಹೆಡ್ ಕ್ಲರ್ಕ್ ಹುದ್ದೆ ಹೋಯಿತು. ಇನ್ನುಮುಂದೆ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ನು, ಬೇರೆ ಪಾಸ್‌ವರ್ಡು ಎಂದು ಅಪ್ಪಣೆ ಮಾಡಿ ಹೋದ.

ಒಬ್ಬರಾದರೂ ಒಂದು ಮಾತು ಆಡಿದರೇ? ಇಲ್ಲ. ಬದಲಿಗೆ ಮಧ್ಯಾಹ್ನ ಸಾಲಾಗಿ ಬಂದು ನಿಂತರು: “ಅಕ್ಕಾ, ನಂಗೆ ಯಾವ ಪಾಸ್‌ವರ್ಡ್ ಇಡ್ಲಿ?” “ಅಕ್ಕಾ, ಇದನ್ನ ಇಟ್ಟಿದ್ದೀನಿ, ನಂಗೆ ಮರೆತೋಗುತ್ತೆ, ನೀವು ನೆನಪಿಟ್ಕೊಳ್ಳಿ.”

“ನನ್ ಮುಂದೆ ಹೇಳ್ಬೇಡಿ ಅಂದೆ!” ಎಂದು ಅವಳು ಎರಡೂ ಕೈ ಎತ್ತಿದಳು. ಇವರಿಗೋಸ್ಕರ ಹುದ್ದೆ ಕಳೆದುಕೊಂಡೆನಲ್ಲ ಎಂದು ಹೊಟ್ಟೆ ಉರಿಯಿತು. ಇವರಿಗೋಸ್ಕರ ಮಾತ್ರವಲ್ಲವೆಂದು ನೆನಪಾಗಿ ಇನ್ನಷ್ಟು ಉರಿಯಿತು. ಸಂಜೆ ತನ್ನೊಬ್ಬಳದೇ ಹೊಸ ಲಾಗಿನ್ನು ತೆರೆದಳು. ಖಾಲಿ. ‘ಒಂದು ಕಿ’ ಎಂದು ಒತ್ತಿದಳು, ಏನೂ ಇಳಿಯಲಿಲ್ಲ. ಇನ್ನು ಇಲ್ಲಿ ಏನು ಬರೆದರೂ ಅದು ತನ್ನದೇ, ಅಡಗಲು ರಾಶಿಯಿಲ್ಲ. ಅಳಿಸಿ ಎದ್ದುಬಿಟ್ಟಳು.

ಮರುದಿನ ಬೆಳಿಗ್ಗೆ ಕೌಂಟರಿನಲ್ಲಿ ಕೂತು ಎಡಕ್ಕೆ ಕೈ ಚಾಚಿದರೆ ಟೆಲಿಫೋನು ಇಲ್ಲ! “ಯಾರ್ರೀ ಫೋನ್ ಮುಟ್ಟಿದ್ದು?” ಎಂದು ಕೂಗಿ ತಿರುಗಿದರೆ ಅದು ಬಲಗಡೆ ಕೂತಿತ್ತು. ಹೊಸ ಉದ್ದನೆಯ ವೈರು ಕೌಂಟರಿನ ಅಂಚಿಗೆ ಉದ್ದಕ್ಕೂ ಮೊಳೆ ಹೊಡೆಸಿಕೊಂಡು ಬಂದಿತ್ತು. ಮೊಳೆಗಳು ಸೊಟ್ಟಗಿದ್ದವು, ಅದು ಮೇಸ್ತ್ರಿಯ ಕೈಯೇ. ಆ ಕಡೆಯಿದ್ದ ಅಂಟಿನ ಡಬ್ಬಿ, ದಾರದ ಉಂಡೆಯನ್ನೆಲ್ಲ ಯಾರೋ ನೀಟಾಗಿ ಎಡಕ್ಕೆ ಸರಿಸಿದ್ದರು.

ಅವಳು ಫೋನನ್ನೇ ನೋಡುತ್ತ ಕೂತಳು. ಧಡ್ ಧಡ್ ಬಡಿತ. ಮೇಜು ಸುತ್ತಿ ಬರುವ ಕ್ಯಾಷಿಯರು. ಎಡ ತುದಿಯ ಗಿರಾಕಿಗಳನ್ನೆಲ್ಲ ಬಾಚಿಕೊಳ್ಳುತ್ತಿದ್ದ ಹುಡುಗಿ. ಒಂದು ಅಕ್ಷರ ಒತ್ತಿದರೆ ಎಲ್ಲರದ್ದೂ ತನಗೆ ಕಾಣುತ್ತಿದ್ದಾಗ, ತನ್ನದೂ ಅವರಿಗೆ ಕಾಣುತ್ತಿತ್ತು ಎಂಬುದು ಈ ದಡ್ಡ ತಲೆಗೆ ಹೊಳೆಯಲೇ ಇಲ್ಲವಲ್ಲ! ಆ ಬಡಿತಕ್ಕೆ ತಾನು ಎಷ್ಟು ಬೈದಿದ್ದಳು!

“ಗೊತ್ತಿದ್ರೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆಲ್ಲ?” ಎಂದು ಕಿರುಚಿದಳು. ಕಿರುಚುವಾಗ ಸ್ವರ ಒಡೆಯಿತು, ಅದಕ್ಕೂ ಸಿಟ್ಟು ಬಂತು.

ಮೇಸ್ತ್ರಿ ಮೂಟೆಯ ಮರೆಯಿಂದಲೇ, “ನಮ್ಮದು ಗೊತ್ತಿದ್ದೂ ನೀವು ಹೇಳಿದ್ರಾ ಅಕ್ಕಾ?” ಅಂದ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹುಡುಗಿ ಎದ್ದವಳು ಹಾಗೇ ಕೂತಳು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಕತ್ತು ತಿರುಚದೆ, ಬಲಗೈಯಲ್ಲಿ ಎತ್ತಿ ಬಲಗಿವಿಗಿಟ್ಟಳು.

“ಹಲೋ, ಹೇಳಿ” ಅಂದಳು, “ಕೇಳಿಸ್ತಾ ಇದೆ.”