ಡ್ರಮ್ಮಿನಲ್ಲಿದ್ದ ಕಪ್ಪು ನೀರು

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಬಿಬವೇವಾಡಿಯ ನಮ್ಮ ಸೊಸೈಟಿಯಲ್ಲಿ ಹಸಿ ಕಸವನ್ನು ಹಿಂದಿನ ತೊಟ್ಟಿಯಲ್ಲೇ ಗೊಬ್ಬರ ಮಾಡುತ್ತಿದ್ದೆವು. ತೊಟ್ಟಿ ನೋಡಿಕೊಳ್ಳುವ ಕೆಲಸ ನನ್ನದು. ತಳದಿಂದ ಸೋರುವ ಕಪ್ಪು ನೀರನ್ನು ಗಟಾರಕ್ಕೆ ಚೆಲ್ಲುವಾಗ ಒಂದು ದಿನ ಮೈದುನ ನೋಡಿದ. ಅವನು ಶಿರೂರಿನ ಹತ್ತಿರ ಹೊಸದಾಗಿ ಹೊಲ ಹಿಡಿದಿದ್ದ. ಬೆಳೆ ಚೆನ್ನಾಗಿ ಬಂದರಷ್ಟೇ ಹೊಲದ ಒಡೆಯ ಮುಂದೆಯೂ ಕೊಡುವವ.

"ವೈನಿ, ಚೆಲ್ಲಬ್ಯಾಡ್ರಿ. ನನ್ನ ಮೆಂತೆ ಮಡಿಗೆ ಬೇಕು."

"ಈ ನಾತದ ನೀರು, ತಿನ್ನೋ ಮೆಂತೆ ತಪ್ಪಲಕ್ಕ?"

"ಡ್ರಮ್ಮಿನ್ಯಾಗ ಹಾಕಿ ದಿನಾ ಎರಡು ಸಲ ತಿರುವ್ರಿ. ನಾತ ಹೋದ ಮ್ಯಾಲೆ ಹತ್ತು ಪಾಲು ನೀರು ಕೂಡಿಸಿ ಹಾಕ್ತೀನಿ."

ನಂಬಿಕೆ ಬರಲಿಲ್ಲ, ಆದರೂ ತಿರುವಿದೆ. ಸಾರು ಕುದಿಯಿತೇ ಎಂದು ಮೇಲಿನ ಮನೆಯವಳು ಮರಾಠಿಯಲ್ಲಿ ಛೇಡಿಸುತ್ತಿದ್ದಳು, "ಕಾಯ್ ವಹಿನಿ, ಆಮಟಿ ಉಕಳಲೀ ಕಾ?"

ಎರಡು ವಾರಕ್ಕೆ ನಾತ ಹೋಯಿತು. ನಾತವಿಲ್ಲದಿದ್ದರೆ ಒಳಗಿನ ಕೆಡುಕು ಗೊತ್ತಾಗುವುದಾದರೂ ಹೇಗೆ ಎಂದು ನನ್ನ ಅನುಮಾನ ಹೆಚ್ಚೇ ಆಯಿತು. ಎರಡು ತೆಂಗಿನ ಚಿಪ್ಪಿನಲ್ಲಿ ಮೆಂತ್ಯ ಹಾಕಿ, ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಅವನು ಹೇಳಿದಂತೆ ತೆಳುವು ಮಾಡಿದ ಡ್ರಮ್ಮಿನ ನೀರು ಹನಿಸಿದೆ. ಎರಡನೆಯದರಲ್ಲಿ ಎಲೆಯ ತುದಿಗಳು ಸುಟ್ಟಂತಾದವು. ಮಣ್ಣಿನ ಮೇಲೆ ಬಿಳಿ ಪದರ.

ನೀರು ಒಯ್ಯಲು ಬಂದ ಮೈದುನ ಟೆಂಪೋದಿಂದ ಖಾಲಿ ಕ್ಯಾನು ಇಳಿಸುವ ಹೊತ್ತಿಗೆ ಚಿಪ್ಪುಗಳನ್ನು ಮುಂದಿಟ್ಟೆ. ಅವನ ಮುಖ ಇಳಿಯಿತು.

"ಉಪ್ಪು ವೈನಿ ಇದು. ಯಾರೋ ಉಪ್ಪು ಸುರುವ್ಯಾರ."

ಮೇಲಿನವಳದೇ ಕೆಲಸ ಎಂದು ಮೆಟ್ಟಿಲು ಹತ್ತಿದೆ. ಅವಳು ಮಾವಿನಕಾಯಿ ಹೆಚ್ಚುತ್ತ ಕೂತಿದ್ದಳು. ಜಗಳ ತೆಗೆಯಬೇಕೆಂದು ಹೋದವಳಿಗೆ ಆ ಮಾವಿನಕಾಯಿ ನೋಡಿ ನಮ್ಮ ಭರಣಿಗಳು ನೆನಪಾದವು. ಹೊಸ ಉಪ್ಪಿನಕಾಯಿ ಹಾಕುವ ಮೊದಲು ಹಳೆಯ ಭರಣಿ ಖಾಲಿ ಮಾಡುವುದು ನಮ್ಮ ಮನೆಯ ರೂಢಿ. ಎರಡು ದೊಡ್ಡ ಭರಣಿಯಲ್ಲಿ ಉಳಿದದ್ದನ್ನು ರಸದ ಸಮೇತ ತೊಟ್ಟಿಗೆ ಸುರಿದವಳು ನಾನೇ.

ಇಳಿದು ಬಂದು ಹೇಳಿದೆ.

"ನನ್ನ ಪುಣ್ಯಾ, ಮಡಿಗೆ ಹಾಕೋ ಮೊದಲ ಗೊತ್ತಾತು," ಎಂದು ಮೈದುನ ಖಾಲಿ ಕ್ಯಾನುಗಳನ್ನೇ ಟೆಂಪೋಗೆ ಏರಿಸಿದ.

ಮುಂದಿನ ಡ್ರಮ್ಮು ತುಂಬುವವರೆಗೆ ಪ್ರತಿ ಮನೆಯ ಬಕೆಟ್ಟನ್ನು ಕೆದಕಿ ನೋಡಿಯೇ ತೊಟ್ಟಿಗೆ ಹಾಕಿಸಿದೆ, ನನ್ನದನ್ನೂ. ಈ ಸಲ ಎರಡೂ ಚಿಪ್ಪಿನಲ್ಲಿ ಸಸಿ ಚೆನ್ನಾಗಿ ಎದ್ದವು. ಡ್ರಮ್ಮಿನ ನೀರು ಕುಡಿದವು ತುಸು ಹೆಚ್ಚೇ ಹಸಿರು.

"ಆದರೂ ಮೊದಲು ಒಂದ ಸಾಲಿಗೆ ಹಾಕಪಾ. ಎಂಟು ದಿನ ನೋಡು," ಎಂದೆ. ನಕ್ಕ, ಹಾಗೆಯೇ ಮಾಡಿದ.

ಆ ಸಾಲು ಸೊಂಪಾಗಿ ಬಂದ ಮೇಲೆ ಉಳಿದ ಮಡಿಗೂ ಹಾಕಿದ. ಒಡೆಯ ಮುಂದಿನ ಹಂಗಾಮಿಗೂ ಹೊಲ ಅವನಿಗೇ ಕೊಟ್ಟ. ಅವನು ತಂದುಕೊಟ್ಟ ಮೊದಲ ಕಟ್ಟು ಮೆಂತ್ಯ ಸೊಪ್ಪನ್ನು ಐದು ನೀರಿನಲ್ಲಿ ತೊಳೆದು, ಮೂಸಿ ನೋಡಿ, ಆಮೇಲೆ ಒಗ್ಗರಣೆಗೆ ಹಾಕಿದೆ.